ಹದಿನೇಳನೇ ಕಡ್ಡಿಯ ಜ್ವರ

ಹದಿನೇಳನೇ ಕಡ್ಡಿ ಮತ್ತೆ ನಲವತ್ಮೂರು ಡಿಗ್ರಿ ತೋರಿಸಿತು. ಮಲಕಣ್ಣನಿಗೆ ಹಣೆ ಬಡಿದುಕೊಳ್ಳುವಂತಾಯಿತು. ಶ್ರಾವಣ ಅರ್ಧ ಕಳೆದಿದೆ, ಎರಡು ಒಳ್ಳೆಯ ಮಳೆ ಬಿದ್ದಿವೆ, ಎಡಬಲದ ಹದಿನಾರನೆಯದೂ ಹದಿನೆಂಟನೆಯದೂ ಮರ್ಯಾದೆಯಿಂದ ಮೂವತ್ನಾಲ್ಕಕ್ಕೆ ಇಳಿದು ಕೂತಿವೆ. ಇದೊಂದಕ್ಕೆ ಮಾತ್ರ ಏನು ಧಾಡಿ? ಮೂರು ಸಲ ಕಡ್ಡಿಯನ್ನೇ ಬದಲಿಸಿ ಆಯಿತು. ತಂತಿ ಬದಲಿಸಿ ಆಯಿತು. ಬಾಯಿಗೆ ಬಂದಂತೆ ಬೈದದ್ದೂ ಆಯಿತು. ಅದು ಜಪ್ಪಯ್ಯ ಅನ್ನಲಿಲ್ಲ.

ಡೋಣಿ ಹೊಳೆಯ ದಂಡೆಯ ಗೊಂಚಿಗನಾಳದ ನೆಲದೊಳಗೆ ಇಂಥ ನಲವತ್ತು ಕಡ್ಡಿಗಳಿದ್ದವು. ಊರವರು ಅವಕ್ಕೆ ಜ್ವರದ ಕಡ್ಡಿ ಎನ್ನುತ್ತಿದ್ದರು, ಸರಿಯಾಗಿಯೇ ಹೇಳುತ್ತಿದ್ದರು. ಬೇಸಿಗೆಯ ಬಿಸಿಲು ನಲವತ್ತೊಂಬತ್ತು ಮುಟ್ಟತೊಡಗಿದಾಗ ಮನೆಮನೆಗೆ ಎ.ಸಿ. ಬಂತು. ಆ ಎ.ಸಿ.ಗಳೆಲ್ಲ ಉಗುಳಿದ ಬಿಸಿಗಾಳಿಗೆ ಓಣಿಯಲ್ಲಿ ಕಾಲಿಡಲಾಗದಂತಾದಾಗ ಬಂದದ್ದು ನೆಲತಂಪು ಯೋಜನೆ. ಉಪಾಯ ಸರಳ. ಐದು ಅಡಿ ಆಳದಲ್ಲಿ ಮಣ್ಣು ವರ್ಷವಿಡೀ ಇಪ್ಪತ್ತೆಂಟರ ಆಸುಪಾಸಿನಲ್ಲಿರುತ್ತದೆ. ಅಲ್ಲಿ ಕರಿಯ ಪೈಪುಗಳನ್ನು ಅಡ್ಡಡ್ಡ ಹಾಸಿ ನೀರು ಓಡಿಸುವುದು. ಮನೆಯಲ್ಲಿರುವ ಪೆಟ್ಟಿಗೆ ಕೋಣೆಯ ಶಾಖವನ್ನು ಹೀರಿ ಆ ನೀರಿಗೆ ಕೊಡುತ್ತದೆ, ನೀರು ಒಯ್ದು ಮಣ್ಣಿಗೆ ಕೊಡುತ್ತದೆ. ಮನೆ ತಂಪು, ಓಣಿ ತಂಪು, ಕರೆಂಟೂ ಅರ್ಧ.

ಮಣ್ಣನ್ನು ಮಾತ್ರ ಯಾರೂ ಕೇಳಿರಲಿಲ್ಲ. ಚಳಿ ದೇಶದಲ್ಲಾದರೆ ಬೇಸಿಗೆಯಲ್ಲಿ ನೆಲಕ್ಕೆ ತುಂಬಿದ ಶಾಖವನ್ನು ಚಳಿಗಾಲದಲ್ಲಿ ಮನೆ ಬೆಚ್ಚಗಿಡಲು ವಾಪಸು ತೆಗೆಯುತ್ತಾರೆ. ವಿಜಯಪುರ ಜಿಲ್ಲೆಯಲ್ಲಿ ಮನೆ ಬೆಚ್ಚಗೆ ಮಾಡಿಕೊಳ್ಳುವ ಹುಚ್ಚ ಯಾರಿದ್ದಾನೆ? ಹಾಕುವುದಷ್ಟೇ, ತೆಗೆಯುವುದಿಲ್ಲ. ಮಳೆ ಬಂದು ನೆಲ ತೊಯ್ದಾಗ ಒಂದಿಷ್ಟು ಇಳಿಯುತ್ತಿತ್ತು, ಉಳಿದದ್ದು ಮುಂದಿನ ವರ್ಷಕ್ಕೆ ಸೇರುತ್ತಿತ್ತು. ಆರು ವರ್ಷದಲ್ಲಿ ಊರ ನೆಲ ಆರು ಡಿಗ್ರಿ ಏರಿತ್ತು. ಅದನ್ನು ದಿನವೂ ನೋಡಿ ಬರೆದಿಡುವುದೇ ಹಳೆಯ ಚಾವಡಿಯ ಕಂಟ್ರೋಲ್ ರೂಮಿನಲ್ಲಿ ಮಲಕಣ್ಣನ ನೌಕರಿ. ಪೈಪಿನ ನಕ್ಷೆ ಎಳೆದವನೂ ಅವನೇ.

ವಿಜಯಪುರದಿಂದ ಹಂಚಿನಾಳ ಮೇಡಂ ಫೋನು ಮಾಡಿದರು. ಅವರು ಜಿಲ್ಲೆಗೆಲ್ಲ ಹಿರಿಯ ಎಂಜಿನಿಯರು.

"ಮಲಕಣ್ಣ, ಆ ಹದಿನೇಳು ಕೆಟ್ಟದ. ಪಟ್ಟಿಯಿಂದ ತಗದ್ ಬಿಡ್ರಿ. ಒಂದರ ಸಲುವಾಗಿ ಇಡೀ ಊರಿನ ಸರಾಸರಿ ಹಾಳಾಗ್ಲಿಕ್ಕತ್ತದ."

"ಕೆಟ್ಟಿಲ್ರಿ ಮೇಡಂ. ಮೂರು ಬ್ಯಾರೆ ಬ್ಯಾರೆ ಕಡ್ಡಿ ಹಾಕೀನಿ. ಮೂರೂ ಅದನ್ನ ಹೇಳ್ತಾವ. ಮೂರೂ ಸುಳ್ಳು ಹೇಳ್ತಾವೇನ್ರಿ?"

"ಹಂಗಾದ್ರ ಅಲ್ಲಿ ಮಣ್ಣಾಗ ಏನರೆ ಇರಬೇಕು."

"ಏನೂ ಇಲ್ರಿ. ಸರ್ವೆ ಫಾರಮ್ ನನ್ನ ಕಡೇನ ಅದಾವ."

ಅದು ನಿಜ. ಪೈಪು ಹಾಕುವ ಮೊದಲು ನೂರಾ ಅರವತ್ತೆರಡು ಮನೆಗೂ ಅವನೇ ತಿರುಗಿದ್ದ. ಫಾರಮಿನ ಒಂಬತ್ತನೇ ಕಾಲಮ್ಮಿನಲ್ಲಿ 'ಈ ಜಾಗದ ನೆಲದೊಳಗೆ ಏನಾದರೂ ಇದೆಯೇ?' ಎಂದಿತ್ತು. ಹಳೇ ಬಾವಿ, ಗೋಡೆಯ ಬುನಾದಿ, ನೀರಿನ ಕೊಳವೆ, ಏನೇ ಇದ್ದರೂ ಹೇಳಬೇಕು. ಇಲ್ಲದಿದ್ದರೆ ಶಾಖದ ಲೆಕ್ಕ ತಪ್ಪುತ್ತದೆ ಎಂದು ಗಂಟಲು ಹರಿಯುವಂತೆ ತಿಳಿಸಿ ಹೇಳಿದ್ದ. ನೂರಾ ಅರವತ್ತೆರಡು ಮನೆಯವರೂ 'ಏನೂ ಇಲ್ಲ' ಎಂದು ಬರೆಸಿ ಹೆಬ್ಬೆಟ್ಟೋ ಸಹಿಯೋ ಹಾಕಿದ್ದರು.

ಹದಿನೇಳನೇ ಕಡ್ಡಿ ಇದ್ದದ್ದು ಅವನ ಅತ್ತೆ ನಿಂಬೆವ್ವನ ಹಿತ್ತಲಲ್ಲಿ.

ಅತ್ತೆಯ ಮನೆಗೂ ಅವನ ಮನೆಗೂ ನಡುವೆ ಒಂದೇ ಗೋಡೆ. ಎಪ್ಪತ್ತೆಂಟರ ನಿಂಬೆವ್ವ ಗಟ್ಟಿ ಮುದುಕಿ. ಹಳೇ ಪದ್ಧತಿಯವಳು. ಅಳಿಯನ ಎದುರಿಗೆ ಕೂಡುವವಳಲ್ಲ, ನೇರ ಮಾತಾಡುವವಳಂತೂ ಅಲ್ಲವೇ ಅಲ್ಲ. ಮಗಳ ಮದುವೆಯಾಗಿ ಇಪ್ಪತ್ತೇಳು ವರ್ಷವಾಯಿತು. ಹೇಳುವುದನ್ನೆಲ್ಲ ತಲೆಯ ಮೇಲೆ ಸೆರಗೆಳೆದುಕೊಂಡು, ಗೋಡೆ ಕಡೆ ನೋಡುತ್ತ, ಮಗಳು ಚಂದ್ರವ್ವನ ಮುಖಾಂತರವೇ ಹೇಳುತ್ತಿದ್ದಳು. ಅಳಿಯ ಮೂರು ಮಾರು ದೂರದಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರೂ ಚಂದ್ರವ್ವ ಇನ್ನೊಮ್ಮೆ ಹೇಳಬೇಕು.

ಆ ಸಂಜೆ ಮನೆಗೆ ಬಂದರೆ ಅತ್ತೆಯ ಅಡಿಗೆಮನೆಯಲ್ಲಿ ಬಿತ್ತನೆಯ ಮಾತೇ ನಡೆದಿತ್ತು. ಉತ್ತರಿ ಮಳೆಗೆ ಬಿಳಿಜೋಳ ಬಿತ್ತಬೇಕು, ಇನ್ನು ನಲವತ್ತು ದಿನವೂ ಇಲ್ಲ. ಊರಲ್ಲಿ ಬೀಜವಿಲ್ಲ. ಐದು ವರ್ಷದಿಂದ ಎಲ್ಲರೂ ಅಂಗಡಿಯ ಹೊಸ ತಳಿಯನ್ನೇ ಬಿತ್ತಿದ್ದರು. ರಾತ್ರಿಯ ಸೆಕೆ ಹೆಚ್ಚಾದ ಹಾಗೆ ಅದರ ತೆನೆ ಬರೀ ಜೊಳ್ಳಾಗತೊಡಗಿತು, ಹೋದ ವರ್ಷ ಕಾಳೇ ಕಟ್ಟಲಿಲ್ಲ. ಹಿಂದೆ ಈ ಊರಲ್ಲಿ ಹಾಲಗೊಂಚಿ ಎಂಬ ಜೋಳವಿತ್ತು. ಎಂಥ ಸೆಕೆಯಲ್ಲೂ ಹಾಲು ತುಂಬುತ್ತಿತ್ತು. ಈಗ ಅದರ ಒಂದು ಸೇರು ಸಿಕ್ಕೀತೇ ಎಂದು ಜನ ಹತ್ತು ಊರು ಅಲೆದು ಬರಿಗೈಯಲ್ಲಿ ಬಂದಿದ್ದರು.

"ಇಡೀ ಊರು ಕಂಗಾಲಾಗೈತಿ, ಯವ್ವಗ ಮಾತ್ರ ಚಿಂತೀನ ಇಲ್ಲ ನೋಡ್ರಿ," ಎಂದಳು ಚಂದ್ರವ್ವ. "ಉತ್ತರಿ ಬರಲಿ, ನೋಡೋಣಂತ ಅಂತಾಳ."

ನಿಂಬೆವ್ವ ಒಲೆಯ ಮುಂದೆ ರೊಟ್ಟಿ ತಟ್ಟುತ್ತ ಗೋಡೆಗೆ ಹೇಳಿದಳು: "ವ್ಯಾಳ್ಯಾ ಬಂದಾಗ ಆಗ್ತೈತಿ ಅಂತ ಹೇಳವ್ವ ನಿನ್ನ ಗಂಡಗ."

"ವ್ಯಾಳ್ಯಾ ಬಂದಾಗ ಆಗ್ತೈತಂತ್ರಿ," ಎಂದಳು ಚಂದ್ರವ್ವ.

"ಕೇಳಿಸ್ತು!" ಎಂದು ಮಲಕಣ್ಣ ರೇಗಿದ. "ಅದಿರಲಿ. ಹಿತ್ತಲದಾಗ ಹದಿನೇಳನೇ ಕಡ್ಡಿ ಬಾಜು ನೆಲದಾಗ ಏನರೆ ಐತೇನು ಕೇಳು ನಿಮ್ಮವ್ವಗ."

ರೊಟ್ಟಿ ಬಡಿಯುವ ಸದ್ದು ಒಂದು ಗಳಿಗೆ ನಿಂತಿತು. "ಅಲ್ಲಿ ನಾಗಪ್ಪ ಅದಾನ, ಮತ್ತೇನಿಲ್ಲ ಅಂತ ಹೇಳು."

ನಾಗಪ್ಪ ಇದ್ದದ್ದು ನಿಜ. ಕಡ್ಡಿಯಿಂದ ಎರಡು ಮೊಳದಲ್ಲಿ ಅರಿಶಿನ ಕುಂಕುಮ ಮೆತ್ತಿದ ಒಂದು ಗುಂಡುಕಲ್ಲು. ಪೈಪಿನ ಕಾಲುವೆ ಅಗೆಯಲು ಬಂದಿದ್ದ ಸೊಲ್ಲಾಪುರದ ಡ್ರೈವರ್ ಕಲ್ಲು ನೋಡಿ ಯಂತ್ರ ನಿಲ್ಲಿಸಿದ್ದ. ದೇವರ ಮೇಲೆ ಕಬ್ಬಿಣ ಓಡಿಸುವುದಿಲ್ಲ ಎಂದು ಹಟ ಹಿಡಿದು, ಪೈಪನ್ನು ಕಲ್ಲಿನ ಮೂರು ಕಡೆ ಲಾಳದ ಹಾಗೆ ಬಗ್ಗಿಸಿ ಮುಂದೆ ಹೋಗಿದ್ದ. ಮೂಡಣ ಕಡೆ ಮಾತ್ರ ಖಾಲಿ ಬಿಟ್ಟಿತ್ತು. ಒಳ್ಳೆಯದೇ ಆಯಿತೆಂದು ಮಲಕಣ್ಣನೂ ನಕ್ಷೆಯಲ್ಲಿ ಹಾಗೆಯೇ ತಿದ್ದಿಕೊಂಡಿದ್ದ. ಅಂದಿನಿಂದ ಪ್ರತಿ ಪಂಚಮಿಗೆ ಅಲ್ಲಿ ಹಾಲೆರೆದು ಕಾಯಿ ಒಡೆಯುವವನೂ ಅವನೇ.

ಮರುದಿನ ಮಲಕಣ್ಣ ಒಂದು ಪರೀಕ್ಷೆ ಮಾಡಿದ. ಲಾಳದ ಸುತ್ತಿನ ಪೈಪುಗಳ ನೀರನ್ನು ಹತ್ತು ದಿನ ನಿಲ್ಲಿಸಿಬಿಟ್ಟ. ಶಾಖ ಹಾಕುವುದನ್ನು ನಿಲ್ಲಿಸಿದರೆ ಒದ್ದೆ ಮಣ್ಣು ಬೇಗ ತಣಿಯುತ್ತದೆ. ತಣಿಯದಿದ್ದರೆ ಅಲ್ಲಿರುವುದು ಮಣ್ಣಲ್ಲ.

ಆ ಹತ್ತು ದಿನ ಅವನ ಪಾಡು ನಾಯಿಗೂ ಬೇಡ. ನೀರು ನಿಂತದ್ದು ಒಂಬತ್ತು ಮನೆಗೆ, ಜಗಳಕ್ಕೆ ಬಂದವರು ಇಪ್ಪತ್ತು ಮನೆಯವರು. "ಶ್ರಾವಣದಾಗ ತಂಪು ಗಾಳಿ ಬೀಸಾಕತ್ತೈತಿ, ಕಿಡಕಿ ತಗೀರಿ," ಎಂದರೆ, "ಕಿಡಕಿ ತಗದ್ರ ಸೊಳ್ಳಿ ಬರ್ತಾವಲ್ರಿ, ನಿಮ್ಮ ಕಂಪ್ಯೂಟರ್ ಸೊಳ್ಳಿ ಹಿಡಿತೈತೇನು?" ಎಂದು ಅವನಿಗೇ ಸವಾಲು. ಮೇಡಂ ಕಡೆಯಿಂದ ದಿನಕ್ಕೆ ಎರಡು ಫೋನು. ಮಲಕಣ್ಣ ಯಾರಿಗೂ ಬಗ್ಗಲಿಲ್ಲ.

ಹನ್ನೊಂದನೇ ದಿನ ಲೆಕ್ಕ ಹಾಕಲು ಕೂತ. ಸುತ್ತಲಿನ ಕಡ್ಡಿಗಳು ಎರಡೆರಡು ಡಿಗ್ರಿ ಇಳಿದಿದ್ದವು. ಹದಿನೇಳು ಕಾಲು ಡಿಗ್ರಿಯೂ ಇಳಿದಿರಲಿಲ್ಲ. ಅಂದರೆ ಅಲ್ಲಿ ಒಣಗಿದ, ಶಾಖ ಹಾಯಲು ಬಿಡದ, ದೊಡ್ಡದೊಂದು ವಸ್ತುವಿದೆ. ಹತ್ತಿಯ ಗಾದಿಯ ಹಾಗೆ ಅದು ಮೂರು ಕಡೆಯ ಬಿಸಿಯನ್ನು ಹೊದ್ದುಕೊಂಡು ಕೂತಿದೆ. ಆರು ವರ್ಷದ ಅಂಕಿಗಳನ್ನು ಕಂಪ್ಯೂಟರಿಗೆ ಹಾಕಿ, ಆ ವಸ್ತುವಿನ ಅಂಚು ಎಲ್ಲೆಲ್ಲಿ ಬಂದೀತೆಂದು ಗೆರೆ ಎಳೆಸಿದ. ಗೆರೆ ನಿಧಾನವಾಗಿ ಮೂಡಿತು. ಎತ್ತರ ಹತ್ತು ಅಡಿ. ಕೆಳಗೆ ಅಗಲ ಏಳು ಅಡಿ. ಮೇಲೆ ಹೋದಂತೆ ಕಿರಿದಾಗುತ್ತ ಬಂದು ಒಬ್ಬ ಮನುಷ್ಯ ಇಳಿಯುವಷ್ಟು ಬಾಯಿ. ಆ ಬಾಯಿ ಸರಿಯಾಗಿ ನಾಗಪ್ಪನ ಕೆಳಗೆ!

ಮಲಕಣ್ಣ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ. ಎಲಾ ಇವಳ! ಡೋಣಿ ದಂಡೆಯಲ್ಲಿ ಹುಟ್ಟಿದ ಯಾವನಿಗೂ ಆ ಆಕಾರ ಗೊತ್ತಾಗದೆ ಇರುವುದಿಲ್ಲ. ಅದು ಹಗೇವು. ಜೋಳ ಕೆಡದಂತೆ ವರ್ಷಗಟ್ಟಲೆ ಇಡಲು ನೆಲದೊಳಗೆ ತೋಡುವ ಕಣಜ. ಒಳಗೆಲ್ಲ ಹುಲ್ಲು ಹಾಸಿ, ಕಾಳು ತುಂಬಿ, ಬಾಯಿಗೆ ಹಾಸುಗಲ್ಲು ಮುಚ್ಚಿ ಮಣ್ಣು ಮೆತ್ತಿದರೆ ಮುಗಿಯಿತು, ಹುಳುವೂ ಮುಟ್ಟುವುದಿಲ್ಲ. ತನ್ನ ಅಜ್ಜನ ಕಾಲಕ್ಕೇ ಹಗೇವು ಮುಗಿಯಿತು ಎಂದುಕೊಂಡಿದ್ದ. ಹಗೇವಿನ ಮೊದಲ ನಿಯಮ ಅವನಿಗೆ ಮರೆತೇಹೋಗಿತ್ತು. ಅದು ಎಲ್ಲಿದೆ ಎಂದು ಮನೆಯ ಯಜಮಾನನೊಬ್ಬನನ್ನು ಬಿಟ್ಟು ಯಾರಿಗೂ ಹೇಳುವಂತಿಲ್ಲ. ಕಳ್ಳರಿಗಿರಲಿ, ಸರಕಾರಕ್ಕಿರಲಿ, ಅಳಿಯನಿಗಿರಲಿ. ಅಂಥ ಊರಲ್ಲಿ ಫಾರಮ್ ಹಿಡಿದು ಮನೆಮನೆಗೆ ಹೋಗಿ, ನೆಲದೊಳಗೆ ಏನಿದೆ ಎಂದು ಕೇಳಿದ್ದನಲ್ಲ! ತನ್ನಂಥ ಪೆದ್ದ ಇನ್ನೊಬ್ಬನಿಲ್ಲ ಎನಿಸಿತು.

ಕಾಗದ ಹಿಡಿದು ನೇರ ಅತ್ತೆಯ ಅಡಿಗೆಮನೆಗೆ ನುಗ್ಗಿದ. ಚಂದ್ರವ್ವ ಅಲ್ಲೇ ಕಾಳು ಆರಿಸುತ್ತಿದ್ದಳು.

"ಆರು ವರ್ಷ!" ಎಂದು ಕೂಗಿದ. "ಆರು ವರ್ಷ ನಾ ಜ್ವಾಳದ ಕುಣಿಗಿ ಕಾಯಿ ಒಡದೀನಿ! ಕೈ ಮುಗದು ಅಡ್ಡಬಿದ್ದೀನಿ! ಕೇಳು ನಿಮ್ಮವ್ವನ್ನ, ಆ ನಾಗಪ್ಪಗ ಯಾರು ಜೀವಾ ತುಂಬಿದ್ರು ಅಂತ!"

ಚಂದ್ರವ್ವ ಬಾಯಿ ತೆರೆದು ತಾಯಿಯ ಕಡೆ ನೋಡಿದಳು. ಅವಳಿಗೂ ಗೊತ್ತಿರಲಿಲ್ಲ.

ನಿಂಬೆವ್ವ ರೊಟ್ಟಿ ತಟ್ಟುತ್ತಲೇ ಇದ್ದಳು. "ಯಂತ್ರ ಬರೂ ಮುಂಚಿ ದಿನ ನಾನ ಇಟ್ಟೆ ಅಂತ ಹೇಳವ್ವ. ಇಲ್ಲಾಂದ್ರ ಒಡದ್ ಬಿಡ್ತಿದ್ರು. ನನ್ನ ಅತ್ತಿ ಕೊಟ್ಟ ಹಾಲಗೊಂಚಿ ಅದು. ಮೂವತ್ತು ಚೀಲ ಐತಿ. ಪೈಪ್ ಬರೂ ಹಿಂದಿನ ವರ್ಷ ತುಂಬಿದ್ದು. ಉತ್ತರಿಗಿ ತಗದು ಊರಿಗೆಲ್ಲಾ ಬೀಜ ಹಂಚ್ತೀನಿ ಅಂತ ಹೇಳು. ಆಗ ಯಾರು ಶಾಣ್ಯಾರು ನೋಡೂಣು."

ಮಲಕಣ್ಣನ ಸಿಟ್ಟು ಅಲ್ಲಿಗೇ ನಿಂತಿತು. ಅಲ್ಲಿಯವರೆಗೆ ಅವನು ತನ್ನ ಕಡ್ಡಿಯ ಬಗ್ಗೆ ಮಾತ್ರ ಯೋಚಿಸಿದ್ದ.

"ಚಂದ್ರವ್ವ," ಎಂದ, ಸಣ್ಣ ದನಿಯಲ್ಲಿ. "ಅಲ್ಲಿ ನಲವತ್ಮೂರು ಡಿಗ್ರಿ ಐತಿ."

"ನಲವತ್ಮೂರು ಅಂದ್ರ ಎಷ್ಟು ಬಿಸಿ ಕೇಳವ್ವ," ಎಂದಳು ಮುದುಕಿ.

"ಜ್ವರ ಬಂದು ಸಾಯಾಕತ್ತವರ ಮೈಗಿಂತ ಬಿಸಿ. ಮೂರೂ ಕಡಿಂದ. ಹಗಲೂ ರಾತ್ರಿ. ಆರು ವರ್ಷ."

ಈ ಸಲ ಚಂದ್ರವ್ವ ತಿರುಗಿ ಹೇಳಲಿಲ್ಲ. ಹೇಳುವ ಅಗತ್ಯವಿರಲಿಲ್ಲ. ನಿಂಬೆವ್ವನ ಕೈ ರೊಟ್ಟಿಯ ಮೇಲೆಯೇ ನಿಂತಿತ್ತು. ಹಂಚಿನ ಮೇಲಿದ್ದ ಇನ್ನೊಂದು ರೊಟ್ಟಿ ಸೀದು ಹೊಗೆಯೆದ್ದಿತು, ಯಾರೂ ತೆಗೆಯಲಿಲ್ಲ. ಮುದುಕಿ ಎದ್ದು, ಹಿಟ್ಟಿನ ಕೈಯಲ್ಲೇ ಹಿತ್ತಲಿಗೆ ಹೋಗಿ, ನಾಗಪ್ಪನನ್ನು ಎರಡೂ ಕೈಯಿಂದ ತಬ್ಬಿ ಎತ್ತಿ ಬದಿಗಿಟ್ಟಳು.

ಮೂವರೂ ಸೇರಿ ಮಣ್ಣು ಕೆದರಿ ಹಾಸುಗಲ್ಲು ಸರಿಸಿದರು. ಒಳಗಿನಿಂದ ಬಂದ ಝಳಕ್ಕೆ ಚಂದ್ರವ್ವ ಮುಖ ತಿರುಗಿಸಿದಳು. ಒಳ್ಳೆಯ ಹಗೇವಿನಿಂದ ಹಣ್ಣಾದ ಜೋಳದ ಸಿಹಿ ವಾಸನೆ ಬರಬೇಕು. ಇಲ್ಲಿ ಬಂದದ್ದು ಹಳೇ ಎಣ್ಣೆಯ ಕಮಟು. ಮಲಕಣ್ಣನಿಗೆ ತಡೆಯಲಾಗಲಿಲ್ಲ, ಇಳಿದೇಬಿಡುತ್ತೇನೆಂದು ಬಾಯಿಗೆ ಕಾಲು ಹಾಕಿದ.

"ಚಂದ್ರವ್ವಾ! ನಿನ್ನ ಗಂಡನ್ನ ಹಿಡಿಯವ್ವ! ಒಳಗ ಉಸಿರಿಲ್ಲ, ಸಾಯ್ತಾನ ಅಂತ ಹೇಳವ್ವ!" ಎಂದು ನಿಂಬೆವ್ವ ಕಿರುಚಿದಳು. ಆಗಲೂ ಮಗಳಿಗೇ ಹೇಳಿದಳು, ಅವನಿಗಲ್ಲ.

ಕಂದೀಲು ಇಳಿಬಿಟ್ಟು ನೋಡಿದರೆ ಎರಡು ಅಡಿಗೇ ಆರಿತು. ಮರುದಿನ ಮಧ್ಯಾಹ್ನದವರೆಗೆ ಬಾಯಿ ತೆರೆದಿಟ್ಟು, ಕಂದೀಲು ಆರದಂತಾದ ಮೇಲೆ ಮಲಕಣ್ಣ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದ. ಪಶ್ಚಿಮದ ಗೋಡೆಗೆ ಅಂಟಿದ ಕಾಳು ಕಂದುಬಣ್ಣಕ್ಕೆ ತಿರುಗಿತ್ತು. ಕೈಯಲ್ಲಿ ಹಿಡಿದರೆ ಬೆಚ್ಚಗಿತ್ತು. ಮಣ್ಣಿನ ಶಾಖವನ್ನು ಅವನು ಆರು ವರ್ಷ ಅಂಕಿಯಲ್ಲಿ ನೋಡಿದ್ದ, ಕೈಯಲ್ಲಿ ಹಿಡಿದದ್ದು ಅದೇ ಮೊದಲು. ಆರು ವರ್ಷ ಗಂಟೆಗಟ್ಟಲೆ ಪರದೆ ನೋಡಿದ ತನ್ನ ಕಣ್ಣಿಗೇ ಒದೆಯಬೇಕೆನಿಸಿತು.

ಒಂಬತ್ತು ಕಡೆಯಿಂದ ನೂರು ನೂರು ಕಾಳು ತಂದು, ಒಂಬತ್ತು ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿಟ್ಟರು. ಯಾವ ಗಂಟು ಎಲ್ಲಿಯದೆಂದು ಗೊತ್ತಾಗಲು ನಿಂಬೆವ್ವ ಒಂದೊಂದಕ್ಕೆ ಒಂದೊಂದು ಬಣ್ಣದ ದಾರ ಸುತ್ತಿದಳು. ಮೂರು ದಿನ ಅವಳು ಆ ಗಂಟುಗಳ ಪಕ್ಕ ಬಿಟ್ಟು ಏಳಲಿಲ್ಲ, ಸರಿಯಾಗಿ ಉಣ್ಣಲೂ ಇಲ್ಲ.

ನಾಲ್ಕನೇ ದಿನ ಬೆಳಿಗ್ಗೆ ಬಿಚ್ಚಿದರು. ಪಶ್ಚಿಮದ್ದು ಒಂದೂ ಮೊಳೆತಿರಲಿಲ್ಲ. ಉತ್ತರದ್ದೂ ಇಲ್ಲ, ದಕ್ಷಿಣದ್ದೂ ಇಲ್ಲ. ನಡುವಿನದರಲ್ಲಿ ನೂರಕ್ಕೆ ಎರಡು. ಒಂದೊಂದು ಗಂಟು ಬಿಚ್ಚಿದಂತೆ ಮುದುಕಿಯ ಮುಖ ಬಾಡುತ್ತ ಬಂತು.

"ನಾನ ಕಲ್ಲಿಟ್ಟೆ," ಎಂದಳು, ಗೋಡೆ ನೋಡುತ್ತ. "ಅದಕ್ಕ ಪೈಪು ಸುತ್ತಿಕೊಂಡು ಹೋತು. ಕಾಯಾಕ ಹೋಗಿ ನಾನ ಬೇಯಿಸಿದೆ ಅಂತ ಹೇಳವ್ವ ನಿನ್ನ ಗಂಡಗ."

"ಪೈಪ್ ಎಳದಾಂವ ನಾನು ಅಂತ ಹೇಳು," ಎಂದ ಮಲಕಣ್ಣ. "ಕಲ್ಲು ಕಂಡು, ಇದೆಲ್ಲಿಂದ ಬಂತು ಅಂತ ಒಂದು ಮಾತು ಕೇಳದಾಂವ ನಾನು ಅಂತ ಹೇಳು."

ಚಂದ್ರವ್ವ ಇಬ್ಬರಿಗೂ ಏನೂ ಹೇಳದೆ ಕಣ್ಣೊರೆಸಿಕೊಂಡು ಕೊನೆಯ ಗಂಟಿಗೆ ಕೈ ಹಾಕಿದಳು. ಕೆಂಪು ದಾರದ್ದು. ಪೈಪಿಲ್ಲದ ಮೂಡಣ ಕಡೆಯದು, ತಳದ್ದು.

ಬಟ್ಟೆ ಬಿಚ್ಚಿದರೆ ಒಳಗೆ ಬೆಳ್ಳನೆಯ ಮೊಳಕೆ. ಎಣಿಸಿದರು, ಮೂವತ್ತೊಂದು. ನಂಬದೆ ಮತ್ತೆ ಎಣಿಸಿದರು. ಮೂವತ್ತೊಂದೇ.

ನಿಂಬೆವ್ವ ಮತ್ತೆ ಯಾರನ್ನೂ ನಂಬಲಿಲ್ಲ. ತಾನೇ ಹಗೇವಿನ ಬಾಯಿಯಲ್ಲಿ ಕೂತು, ಮೂಡಣ ಗೋಡೆಯ ತಳದ ಕಾಳನ್ನು ಮಾತ್ರ ಬುಟ್ಟಿಯಲ್ಲಿ ಎಳೆಸಿಕೊಂಡು, ಮೊರದಲ್ಲಿ ಹರವಿ, ಬಣ್ಣ ನೋಡಿ ಆರಿಸಿದಳು. ಮೂವತ್ತು ಚೀಲದಲ್ಲಿ ಬಿತ್ತಲು ಬಂದದ್ದು ಒಂದೂವರೆ ಚೀಲ. ಮಿಕ್ಕದ್ದು ದನಗಳಿಗೆ ಹೋಯಿತು. ಮೂರಕ್ಕೊಂದೇ ಮೊಳೆಯುವ ಕಾಳು, ದಟ್ಟವಾಗಿ ಬಿತ್ತಿದರೆ ಹದಿನೈದು ಎಕರೆಗೆ ಸಾಲುತ್ತದೆ. ಊರಿಗೆ ಅದೆಲ್ಲಿ ಸಾಕು? ಈ ವರ್ಷ ಅದನ್ನು ಬೀಜಕ್ಕೆಂದೇ ಬೆಳೆಯಬೇಕು, ತಿನ್ನಲು ಒಂದು ಕಾಳೂ ಇಲ್ಲ ಎಂದು ಊರು ಒಪ್ಪಿತು.

ಹಗೇವು ತೆಗೆದ ಸುದ್ದಿ ಹಬ್ಬಿದ ವಾರದಲ್ಲೇ ಚಾವಡಿಗೆ ಜನ ಬರತೊಡಗಿದರು. ಒಬ್ಬೊಬ್ಬರೇ, ಇನ್ನೊಬ್ಬರಿಗೆ ಕಾಣದಂತೆ.

"ನಮ್ಮ ಹಿತ್ತಲ ಪೈಪು ಒಂದು ಹದಿನೈದು ದಿನ ಬಂದ್ ಮಾಡ್ರಿ."

"ಯಾಕ್ರಿ?"

"ಏನಿಲ್ಲ, ಸುಮ್ನ."

"ನೆಲದಾಗ ಏನರೆ ಐತೇನ್ರಿ?"

"ಛೇ ಛೇ! ಏನೂ ಇಲ್ಲ!"

ಹೀಗೆ ಏನೂ ಇಲ್ಲದವರು ಏಳು ಮಂದಿ ಬಂದರು. ಹಳೇ ಫಾರಮುಗಳ ಕಟ್ಟನ್ನು ಎತ್ತಿ ನೆಲಕ್ಕೆ ಕುಕ್ಕಬೇಕೆನಿಸಿತು ಮಲಕಣ್ಣನಿಗೆ. ಹಲ್ಲು ಕಚ್ಚಿಕೊಂಡು ಏಳು ಕಡೆಯೂ ನೀರು ನಿಲ್ಲಿಸಿದ. ಪಾಪ, ಅವರ ಹಗೇವುಗಳಲ್ಲಿ ಹಾಲಗೊಂಚಿ ಇರಲಿಲ್ಲ. ಅಂಗಡಿ ತಳಿಯ ಜೋಳವೇ ಇತ್ತೆಂದು ಆಮೇಲೆ ಹೆಂಗಸರ ಬಾಯಿಂದ ಗೊತ್ತಾಯಿತು.

ಉತ್ತರಿ ಚೆನ್ನಾಗಿ ಸುರಿಯಿತು. ಹದಿನೈದು ಎಕರೆಯಲ್ಲಿ ಹಾಲಗೊಂಚಿ ವಿರಳವಾಗಿಯಾದರೂ ಎದ್ದಿತು. ಚಳಿ ಬೀಳಬೇಕಾದ ಪುಷ್ಯದಲ್ಲೂ ಬಿಡದ ಸೆಕೆಯ ರಾತ್ರಿಗಳಲ್ಲಿ ತೆನೆಗೆ ಹಾಲು ತುಂಬಿತು. ರಾಶಿಯಾದ ದಿನ ನಿಂಬೆವ್ವ ಒಂದು ಹಿಡಿ ಕಾಳನ್ನು ಮೂಗಿಗೆ ಹಿಡಿದುಕೊಂಡು ಬಹಳ ಹೊತ್ತು ನಿಂತಿದ್ದಳು.

ಆ ಬೇಸಿಗೆಯ ಹೊಸ್ತಿಲಲ್ಲೇ ಹಂಚಿನಾಳ ಮೇಡಂ ಹೊಸ ಹುಕುಂ ಕಳಿಸಿದರು. ಮಣ್ಣಿಗೆ ಭಾರವಾಗದಂತೆ ಪೈಪುಗಳನ್ನು ವಿರಳವಾಗಿ, ಹೊಸ ಜಾಗದಲ್ಲಿ ಹಾಸಬೇಕು. ಅದಕ್ಕೆ ಮೊದಲು ಮತ್ತೊಮ್ಮೆ ಸರ್ವೆ ಆಗಬೇಕು. ಅದೇ ಫಾರಮ್, ಅದೇ ಒಂಬತ್ತನೇ ಕಾಲಮ್ಮು.

ಮಲಕಣ್ಣ ಮೊದಲು ಅತ್ತೆಯ ಮನೆಗೇ ಹೋದ. ಒಳಗೆ ಹೋಗುವ ಮುನ್ನ ಹಿತ್ತಲನ್ನು ಒಂದು ಸುತ್ತು ಹಾಕಿದ. ಹಳೇ ಹಗೇವಿನ ಕುಣಿ ಮುಚ್ಚಿತ್ತು. ಮೂಡಣ ಮೂಲೆಯಲ್ಲಿ, ಹೋದ ವಾರ ಬರೀ ನೆಲವಿದ್ದ ಕಡೆ, ಈಗ ಸಾರಿಸಿದ ಕಟ್ಟೆ. ಕಟ್ಟೆಯ ಮೇಲೆ ನಾಗಪ್ಪ. ಹೊಸ ಅರಿಶಿನ, ಹೊಸ ಕುಂಕುಮ, ಮುಡಿಗೆ ಎರಡು ಕಣಗಿಲ ಹೂವು. ಎಷ್ಟೇ ಗುಡಿಸಿದ್ದರೂ ಕಟ್ಟೆಯ ಸಂದಿನಲ್ಲಿ ನಾಲ್ಕು ಬಿಳಿಜೋಳದ ಕಾಳು ಉಳಿದಿದ್ದವು.

ಅವನಿಗೆ ಮೈಯೆಲ್ಲ ಉರಿಯಿತು. ಅಷ್ಟೆಲ್ಲ ಆದ ಮೇಲೂ! ಮುಖ ಗಂಟು ಹಾಕಿಕೊಂಡು ಒಳಗೆ ಹೋಗಿ ಫಾರಮ್ ಬಿಚ್ಚಿದ.

"ಚಂದ್ರವ್ವ, ಒಂಬತ್ತನೇ ಕಾಲಮ್ ಕೇಳು. ನೆಲದಾಗ ಏನರೆ ಐತೇನು ಅಂತ. ವಿಚಾರ ಮಾಡಿ ಹೇಳಂತ ಹೇಳು."

ಚಂದ್ರವ್ವ ಬಾಯಿ ತೆರೆಯುವಷ್ಟರಲ್ಲಿ ನಿಂಬೆವ್ವ ಒಲೆಯ ಮುಂದಿನಿಂದ ಎದ್ದಳು. ಸೆರಗು ಸರಿಮಾಡಿಕೊಂಡು, ಗೋಡೆಯನ್ನು ಬಿಟ್ಟು ಈಚೆ ತಿರುಗಿ, ಇಪ್ಪತ್ತೇಳು ವರ್ಷದಲ್ಲಿ ಮೊದಲ ಸಲ ಅಳಿಯನ ಮುಖವನ್ನು ನೆಟ್ಟಗೆ ನೋಡಿದಳು. ಅವಳ ಕಣ್ಣು ತುಂಬಿದ್ದವು.

"ಏನೂ ಇಲ್ರಿ ಅಳ್ಯಾರ," ಎಂದಳು. "ಬರಕೋರಿ."

ಮಲಕಣ್ಣ ಅವಳನ್ನೇ ನೋಡಿದ. ಪೆನ್ನು ತೆಗೆದು ಒಂಬತ್ತನೇ ಕಾಲಮ್ಮಿನಲ್ಲಿ ದುಂಡಗೆ 'ಏನೂ ಇಲ್ಲ' ಎಂದು ಬರೆದ. ಆಮೇಲೆ ನಕ್ಷೆ ಹರವಿ, ಹಿತ್ತಲ ಕಡೆ ನೇರ ಬರುತ್ತಿದ್ದ ಪೈಪಿನ ಗೆರೆಯನ್ನು ಅಳಿಸಿ, ಮೂಡಣ ಮೂಲೆಯಿಂದ ಅರವತ್ತು ಅಡಿ ಆಚೆಗೆ ತಂದು ಎಳೆದ. ಇಷ್ಟು ಸೊಟ್ಟ ಯಾಕೆಂದು ಮೇಡಂ ಕೇಳಿಯೇ ಕೇಳುತ್ತಾರೆ. ಕೇಳಲಿ.

"ಚಂದ್ರವ್ವ, ಮನ್ಯಾಗ ಕಾಯಿ ಅದಾವೇನು?" ಎಂದ, ಇನ್ನೂ ಗಂಟುಮುಖದಲ್ಲೇ. "ಒಂದು ತಾ."